ಅನುಕರಣ, ಅನುಸರಣ, ಆಚರಣ

ಕನ್ನಡ ವ್ಯಾಕರಣವನ್ನು ಅಭ್ಯಾಸಮಾಡಿದವರಿಗೆಲ್ಲ ‘ಅನುಕರಣಾವ್ಯಯ’ ಎಂಬ ಸಂಜ್ಞೆ ಪರಿಚಿತವಾದುದೇ ಆಗಿದೆ. ಬೆಂಕಿ ಚಟಚಟನೆ ಉರಿಯಿತು, ಗಾಳಿ ಸುಯ್ಯೆಂದು ಬೀಸಿತು, ಬಾಗಿಲು ದಡದಡನೆ ಬಡಿದುಕೊಂಡಿತು ಎನ್ನುವಾಗ ಕಿವಿಗೆ ಬಿದ್ದ ಧ್ವನಿಯನ್ನು ನಾಲಗೆಯು ತನ್ನ ಶಕ್ತ್ಯನುಸಾರ ಮತ್ತೆ ನುಡಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಬೆಂಕಿಯ ಧ್ವನಿಯು ‘ಚಟಚಟ’ ಎಂಬ ನಾಲ್ಕು ಅಕ್ಷರಗಳಲ್ಲ. ಕನ್ನಡದ ಕಿವಿ ಅದನ್ನು ಹಾಗೆ ಕೇಳಿತು, ಕನ್ನಡದ ನಾಲಗೆ ಅದನ್ನು ಹಾಗೆ ಹಿಡಿಯಿತು, ಅಷ್ಟೆ. ‘ಅನು’ ಎಂದರೆ ಹಿಂದೆ, ಬೆನ್ನುಹತ್ತಿ; ‘ಕರಣ’ ಎಂದರೆ ಮಾಡುವಿಕೆ. ಒಬ್ಬರು ಮಾಡಿದುದನ್ನು ಕಂಡು ಅವರ ಹಿಂದೆ ತಾನೂ ಮಾಡುವುದೇ ಅನುಕರಣ. ಆದರೆ ಮಾಡುವವನ ಕಣ್ಣು, ಕೈ, ಬುದ್ಧಿ, ಸಂಸ್ಕಾರಗಳ ಮೂಲಕ ಹಾದು ಬರುವುದರಿಂದ ಅದು ಮೂಲದ ಯಥಾಪ್ರತಿಯಾಗಿರುವುದಿಲ್ಲ. ಕನ್ನಡಿಗೂ ಮನುಷ್ಯನಿಗೂ ಇರುವ ಭೇದವು ಇದೇ.

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ಪಠ್ಯಕ್ರಮ, ಪರೀಕ್ಷೆ, ಫಲಿತಾಂಶಗಳ ಬಗೆಗೆ ನಾವು ಬಹಳವಾಗಿ ಚರ್ಚಿಸುತ್ತೇವೆ. ಆದರೆ ಮಕ್ಕಳು ನಮ್ಮ ಬಾಯಿಂದ ಕೇಳಿ ಕಲಿಯುವುದಕ್ಕಿಂತ ನಮ್ಮ ನಡೆಯಿಂದ ಕಂಡು ಕಲಿಯುವುದೇ ಅಧಿಕ. ಆ ಕಲಿಕೆಗೆ ವೇಳಾಪಟ್ಟಿಯಿಲ್ಲ, ಗಂಟೆಯಿಲ್ಲ, ರಜೆಯೂ ಇಲ್ಲ.

ಪ್ರಾಚೀನರ ವಿಚಾರ

ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ನಾಟ್ಯದ ಪ್ರಸಂಗದಲ್ಲಿ ಆಳವಾಗಿ ಚಿಂತಿಸಿದ್ದಾರೆ. ಭರತಮುನಿಯು ನಾಟ್ಯವನ್ನು ಲೋಕವೃತ್ತದ ಅನುಕರಣವೆಂದು ನಿರೂಪಿಸಿದನು. ರಸಸೂತ್ರಕ್ಕೆ ವ್ಯಾಖ್ಯಾನವನ್ನು ಮಾಡಿದ ಶ್ರೀಶಂಕುಕನು, ನಟನಲ್ಲಿ ಕಾಣುವ ಸ್ಥಾಯಿಭಾವವು ರಾಮಾದಿಗಳ ಭಾವದ ಅನುಕರಣವೆಂದೂ, ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎಂದು ಗ್ರಹಿಸುವಂತೆ ಪ್ರೇಕ್ಷಕನು ಅದನ್ನು ಗ್ರಹಿಸುವನೆಂದೂ ವಾದಿಸಿದನು. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಒಪ್ಪಲಿಲ್ಲ. ಅನುಕರಿಸಬೇಕಾದರೆ ಮೂಲವನ್ನು ಕಂಡಿರಬೇಕು. ರಾಮನ ಅಂತರಂಗದ ದುಃಖವನ್ನು ಕಂಡವರಾರು? ಹೊರಗಿನ ವೇಷ, ಕಣ್ಣೀರು, ಕೈಯ ಚಲನೆಗಳನ್ನು ಅನುಕರಿಸಬಹುದು. ಒಳಗಿನ ಭಾವವು ಜಡವಾದ ಹೊರಚೇಷ್ಟೆಯಂತಹುದಲ್ಲವಷ್ಟೆ? ಇದು ಅವನ ಆಕ್ಷೇಪದ ಸಾರ.

ಒಂದು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಪಂಡಿತರು ಎತ್ತಿದ ಈ ಪ್ರಶ್ನೆಯೇ ಆಧುನಿಕ ಮನಶ್ಶಾಸ್ತ್ರಜ್ಞರ ಪ್ರಯೋಗಶಾಲೆಗಳಲ್ಲಿಯೂ ಮುಖ್ಯವಾಗಿದೆ. ನೋಡುವವನು ಚಲನೆಯನ್ನು ಮಾತ್ರ ಹಿಡಿಯುವನೋ, ಅಥವಾ ಚಲನೆಯ ಹಿಂದಿನ ಉದ್ದೇಶವನ್ನೂ ಹಿಡಿಯುವನೋ?

ಆಧುನಿಕ ಶೋಧಗಳು

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಅವರ ಸಹೋದ್ಯೋಗಿಗಳು 72 ಎಳೆಯ ಮಕ್ಕಳ ಮೇಲೆ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಹಿರಿಯರೊಬ್ಬರು ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ಗುದ್ದುವುದನ್ನೂ ಒದೆಯುವುದನ್ನೂ ಬೈಯುವುದನ್ನೂ ಕೆಲವು ಮಕ್ಕಳು ನೋಡಿದರು. ಇನ್ನು ಕೆಲವರು ಶಾಂತವಾಗಿ ಆಡುತ್ತಿದ್ದ ಹಿರಿಯರನ್ನು ನೋಡಿದರು. ಅನಂತರ ಅದೇ ಗೊಂಬೆ ಮಕ್ಕಳ ಕೈಗೆ ಸಿಕ್ಕಾಗ ಮೊದಲನೆಯ ಗುಂಪಿನ ಮಕ್ಕಳು ತಾವು ಕಂಡ ಹೊಡೆತಗಳನ್ನೂ ಕೇಳಿದ ಮಾತುಗಳನ್ನೂ ಹೆಚ್ಚಾಗಿ ಮರುಕಳಿಸಿದರು. ‘ಹೊಡೆ’ ಎಂದು ಅವರಿಗೆ ಯಾರೂ ಹೇಳಿರಲಿಲ್ಲ; ಹೊಡೆದುದಕ್ಕೆ ಬಹುಮಾನವೂ ಇರಲಿಲ್ಲ.

ಇದಕ್ಕಿಂತ ಅಧ್ಯಾಪಕರು ಹೆಚ್ಚಾಗಿ ಮನಗಾಣಬೇಕಾದುದು 1965ರಲ್ಲಿ ಬಂಡೂರರು ಪ್ರಕಟಿಸಿದ ಇನ್ನೊಂದು ಪ್ರಯೋಗ. ಗೊಂಬೆಯನ್ನು ಹೊಡೆದ ಹಿರಿಯನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಆ ಕೃತ್ಯವನ್ನು ಕಡಿಮೆಯಾಗಿ ಅನುಕರಿಸಿದರು. ಆದರೆ ‘ನೀನು ಕಂಡದ್ದನ್ನು ಮಾಡಿ ತೋರಿಸಿದರೆ ತಿನಿಸು ಕೊಡುವೆವು’ ಎಂದಾಗ ಅವರೂ ಉಳಿದ ಮಕ್ಕಳಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಎಂದರೆ, ಕಲಿಕೆ ಬೇರೆ, ಪ್ರದರ್ಶನ ಬೇರೆ. ಮಗುವು ಮಾಡದೆ ಇದ್ದ ಮಾತ್ರಕ್ಕೆ ಕಲಿತಿಲ್ಲವೆಂದು ತಿಳಿಯಬಾರದು. ಕಂಡುದು ಬೀಜದಂತೆ ಒಳಗಿದ್ದು, ಹದವಾದ ಮಳೆ ಬಿದ್ದಾಗ ಮೊಳೆಯುತ್ತದೆ. ಗಮನವಿಡುವುದು, ನೆನಪಿನಲ್ಲಿಟ್ಟುಕೊಳ್ಳುವುದು, ಅಂಗಾಂಗಗಳಿಂದ ಮಾಡಲು ಶಕ್ತನಾಗುವುದು, ಮಾಡಲು ಪ್ರೇರಣೆಯೊದಗುವುದು ಎಂದು ಅನುಕರಣಕ್ಕೆ ನಾಲ್ಕು ಮೆಟ್ಟಿಲುಗಳನ್ನು ಅವರು ಹೇಳಿದ್ದಾರೆ.

ಈ ಶಕ್ತಿಯು ಹುಟ್ಟಿನಿಂದಲೇ ಬರುವುದೋ? 1977ರಲ್ಲಿ ಮೆಲ್ಟ್‌ಜಾಫ್ ಮತ್ತು ಮೂರ್ ಎಂಬ ವಿಜ್ಞಾನಿಗಳು ಎರಡು ಮೂರು ವಾರಗಳ ಹಸುಳೆಗಳು ಎದುರಿಗಿನವರು ನಾಲಗೆ ಚಾಚಿದರೆ ತಾವೂ ಚಾಚುವುವೆಂದು ವರದಿಮಾಡಿದರು. 2016ರಲ್ಲಿ ಆಸ್ಟ್ರೇಲಿಯದಲ್ಲಿ ನೂರಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಅದಕ್ಕೆ ಸಮರ್ಥನೆ ದೊರೆಯಲಿಲ್ಲ. ತಾಯಿಯು ಮಗುವನ್ನು ಅನುಕರಿಸುತ್ತ, ಮಗುವು ತಾಯಿಯನ್ನು ಅನುಕರಿಸುತ್ತ ಇಬ್ಬರೂ ಕೂಡಿ ಈ ವಿದ್ಯೆಯನ್ನು ಬೆಳೆಸಿಕೊಳ್ಳುವರೆಂದು ಹಲವರು ಈಗ ಅಭಿಪ್ರಾಯಪಡುತ್ತಾರೆ. ಮಗು ‘ತ್ತ ತ್ತ’ ಎಂದರೆ ತಾನೂ ‘ತ್ತ ತ್ತ’ ಎನ್ನದ ತಾಯಿ ನಮ್ಮ ನಾಡಿನಲ್ಲಿ ಯಾರಿದ್ದಾರೆ!

1990ರ ದಶಕದಲ್ಲಿ ಇಟಲಿಯ ಪಾರ್ಮ ನಗರದಲ್ಲಿ ರಿಜೊಲಾಟ್ಟಿ ಮತ್ತು ಸಂಗಡಿಗರು ಮಂಗಗಳ ಮೆದುಳಿನಲ್ಲಿ ವಿಶಿಷ್ಟವಾದ ನರಕೋಶಗಳನ್ನು ಗುರುತಿಸಿದರು. ಮಂಗವು ತಾನೇ ವಸ್ತುವೊಂದನ್ನು ಹಿಡಿದಾಗಲೂ, ಬೇರೆಯವರು ಹಿಡಿಯುವುದನ್ನು ನೋಡಿದಾಗಲೂ ಅವು ಸ್ಪಂದಿಸುತ್ತಿದ್ದುವು. ‘ದರ್ಪಣ ನರಕೋಶ’ಗಳೆಂದು ಅವುಗಳಿಗೆ ಹೆಸರಾಯಿತು. ಈ ಒಂದರಿಂದಲೇ ಕರುಣೆ, ಭಾಷೆ, ಸಂಸ್ಕೃತಿಗಳೆಲ್ಲವನ್ನೂ ವಿವರಿಸಲು ಹೊರಟ ಉತ್ಸಾಹವು ಅತಿಯೆಂದು ಅನಂತರದ ವಿಮರ್ಶಕರು ತೋರಿಸಿದ್ದಾರೆ. ಆ ಕೋಶಗಳಿರುವ ಮಂಗಗಳೇ ಮನುಷ್ಯನಂತೆ ಅನುಕರಿಸಲಾರವಷ್ಟೆ! ಆದರೂ ನೋಡುವುದು ನಿಷ್ಕ್ರಿಯವಾದ ವ್ಯಾಪಾರವಲ್ಲ, ಅದರಲ್ಲಿ ಮಾಡುವಿಕೆಯ ಅಂಶವು ಆಗಲೇ ಸೇರಿರುತ್ತದೆ ಎಂಬ ತತ್ತ್ವಕ್ಕೆ ಇದರಿಂದ ಪುಷ್ಟಿ ದೊರೆಯಿತು.

ಭಟ್ಟತೌತನ ಪ್ರಶ್ನೆಗೆ ಸಮೀಪವಾದುದು 2002ರಲ್ಲಿ ಗೆರ್ಗೆಯಿ ಮೊದಲಾದವರು ಪ್ರಕಟಿಸಿದ ಪ್ರಯೋಗ. ಹದಿನಾಲ್ಕು ತಿಂಗಳ ಮಕ್ಕಳ ಮುಂದೆ ಒಬ್ಬಾಕೆ ಹಣೆಯಿಂದ ಮುಟ್ಟಿ ದೀಪವನ್ನು ಹೊತ್ತಿಸಿದಳು. ಅವಳ ಎರಡು ಕೈಗಳೂ ಬರಿದಾಗಿದ್ದಾಗ 69 ಪ್ರತಿಶತ ಮಕ್ಕಳು ತಾವೂ ಹಣೆಯಿಂದಲೇ ದೀಪವನ್ನು ಮುಟ್ಟಿದರು. ಆಕೆ ಚಳಿಗೆ ಹೊದಿಕೆಯನ್ನು ಕೈಗಳಿಂದ ಹಿಡಿದುಕೊಂಡಿದ್ದಾಗ ಹಾಗೆ ಮಾಡಿದವರು 21 ಪ್ರತಿಶತ ಮಾತ್ರ. ಉಳಿದವರು ಕೈಯಿಂದ ಒತ್ತಿದರು. ‘ಪಾಪ, ಕೈ ಬಿಡುವಿಲ್ಲದೆ ಹಣೆಯಿಂದ ಮುಟ್ಟಿದಳು, ನನ್ನ ಕೈ ಬಿಡುವಾಗಿದೆಯಲ್ಲ!’ ಎಂದು ಮಾತು ಬಾರದ ಮಗುವೂ ತರ್ಕಿಸಿತೋ ಎಂಬಂತಿದೆ ಇದು. ಚಲನೆಯ ಹಿಂದಿನ ಉದ್ದೇಶವನ್ನು ಅರಸುವ ಬುದ್ಧಿ ಅಷ್ಟು ಬೇಗ ಕಣ್ದೆರೆಯುತ್ತದೆ.

ಮಗ್ಗದ ಬಳಿಯ ಪಾಠಶಾಲೆ

ಈ ಎಲ್ಲ ಶೋಧಗಳನ್ನು ನಮ್ಮ ಸೀಮೆಯ ಕಣ್ಣಿನಿಂದ ನೋಡಿದರೆ ಅವು ಇನ್ನಷ್ಟು ಸ್ಪಷ್ಟವಾಗುತ್ತವೆ. ಮೊಳಕಾಲ್ಮುರು ರೇಷ್ಮೆಯ ಸೀರೆಗೆ ಹೆಸರಾದ ಊರು. ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಚಳ್ಳಕೆರೆಯ ಸೀಮೆ ಕುರಿಯ ಉಣ್ಣೆಯ ಕಂಬಳಿಗೆ ಹೆಸರಾದುದು. ಈ ಎರಡು ವಿದ್ಯೆಗಳಿಗೂ ತಲತಲಾಂತರದಿಂದ ಪಠ್ಯಪುಸ್ತಕವೆಂಬುದಿರಲಿಲ್ಲ. ಅಜ್ಜಿ ಉಣ್ಣೆಯನ್ನು ನೂಲುವಾಗ ಮೊಮ್ಮಗಳು ಪಕ್ಕದಲ್ಲಿರುತ್ತಿದ್ದಳು. ಹುಣಸೆಬೀಜದ ಗಂಜಿಯನ್ನು ಕಾಯಿಸಿ ಹಾಸಿಗೆ ಬಳಿಯುವಾಗ ಅದರ ಹದವು ಯಾವುದೆಂಬುದನ್ನು ಯಾರೂ ಅಳತೆಗೋಲಿನಿಂದ ತೋರಿಸಲಿಲ್ಲ. ನೇಕಾರನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ, ಕಂಡಿಕೆ ಸುತ್ತಿಕೊಡುವ ಮಡದಿ, ಕಡಿದ ಎಳೆಯನ್ನು ಹೊಸೆದುಕೊಡುವ ಮಗ, ಇವರೆಲ್ಲರ ಕಣ್ಣುಗಳೂ ಅದೇ ಹಾಸಿನ ಮೇಲೆ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆಯಾದ ಸೀರೆಯಲ್ಲಿ ಎರಡು ಬಣ್ಣದ ಹೊಕ್ಕುಗಳು ಎಲ್ಲಿ ಕೂಡಬೇಕು, ಎಲ್ಲಿ ಕೊಂಡಿ ಹಾಕಿ ಹಿಂದಿರುಗಬೇಕು ಎಂಬುದನ್ನು ಬಾಯಿಂದ ವಿವರಿಸಹೊರಟರೆ ನೇಕಾರನೇ ತಡವರಿಸುವನು. ‘ನೋಡು, ಹಿಂಗೆ’ ಎಂಬುದೇ ಅವನ ಸೂತ್ರ, ಭಾಷ್ಯವೆಲ್ಲ ಕೈಯಲ್ಲಿ.

ಬಂಡೂರರ ನಾಲ್ಕು ಮೆಟ್ಟಿಲುಗಳೂ ಇಲ್ಲಿವೆ. ಗಮನವು ಬಲವಂತದ್ದಲ್ಲ, ಮನೆಯ ಅನ್ನವೇ ಅಲ್ಲಿರುವುದರಿಂದ ಸಹಜವಾಗಿ ಹುಟ್ಟಿದ್ದು. ನೆನಪು ದಿನದಿನದ ಆವೃತ್ತಿಯಿಂದ ಬಲಿತದ್ದು. ಎಳೆ ಹೊಸೆಯುವ ಸುಲಭದ ಕೆಲಸದಿಂದ ಲಾಳಿ ಹಿಡಿಯುವ ಕಷ್ಟದ ಕೆಲಸಕ್ಕೆ ಕೈಯು ಮೆಲ್ಲನೆ ಏರುತ್ತದೆ. ಪ್ರೇರಣೆಯೋ, ತಾನೂ ಈ ಮನೆಯ ದುಡಿಯುವ ಕೈಗಳಲ್ಲಿ ಒಂದೆಂಬ ಅಭಿಮಾನ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯ ಅರ್ಥ ನೇಕಾರರ ಕೇರಿಯಲ್ಲಿ ತಿಳಿಯುವಂತೆ ಬೇರೆಲ್ಲಿಯೂ ತಿಳಿಯದು.

ಪೆಟ್ರೀಷಿಯ ಗ್ರೀನ್‌ಫೀಲ್ಡ್ ಎಂಬ ವಿದುಷಿ ಮೆಕ್ಸಿಕೊ ದೇಶದ ಮಾಯಾ ಜನರ ಹಳ್ಳಿಯೊಂದರಲ್ಲಿ ಹುಡುಗಿಯರು ನೇಯ್ಗೆ ಕಲಿಯುವ ರೀತಿಯನ್ನು 1970ರ ಸುಮಾರಿನಲ್ಲಿ ಅಭ್ಯಸಿಸಿ, ಮತ್ತೆ 1991ರಲ್ಲಿ ಅಲ್ಲಿಗೆ ಹೋಗಿ ಮುಂದಿನ ಪೀಳಿಗೆಯನ್ನು ನೋಡಿದರು. ಮೊದಲು ತಾಯಿಯ ಪಕ್ಕದಲ್ಲಿ ಕುಳಿತು ನೋಡಿ, ಅವಳ ಕೈಯಾಸರೆಯಲ್ಲಿ ನೇಯುತ್ತಿದ್ದರು. ವಿನ್ಯಾಸಗಳು ಕೆಲವೇ, ಸ್ಥಿರವಾದುವು. ಹಣದ ವ್ಯಾಪಾರ ಬೆಳೆದ ಮೇಲೆ ಹುಡುಗಿಯರು ತಾವೇ ಮಾಡಿ ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯುವುದು ಹೆಚ್ಚಿತು. ಹೊಸ ವಿನ್ಯಾಸಗಳೂ ಹುಟ್ಟಿದುವು. ಲೋಕವು ಬದಲಾದಂತೆ ಅನುಕರಣದ ರೀತಿಯೂ ಬದಲಾಗುವುದೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮಲ್ಲಿಯೂ ಬದಲಾಗಿದೆ. ಮಗು ಶಾಲೆಗೆ ಬಂದಿದೆ, ಬರಲೇಬೇಕು. ಬಾಲ್ಯವನ್ನು ಮಗ್ಗದ ಕುಣಿಯಲ್ಲಿ ಕಳೆಯುವ ದುಡಿಮೆಯನ್ನು ಯಾರೂ ಮರಳಿ ಬಯಸುವಂತಿಲ್ಲ. ಆದರೆ ಮಗು ಮಗ್ಗದಿಂದ ಎದ್ದು ಶಾಲೆಗೆ ಬಂದಾಗ, ತಂದೆಯ ಕೈಯ ವಿದ್ಯೆಗೆ ಶಾಲೆಯಲ್ಲಿ ಗೌರವವಿದೆಯೆಂಬುದನ್ನು ಅದು ಎಲ್ಲಿಯಾದರೂ ಕಾಣುತ್ತಿದೆಯೇ? ಯಾವುದನ್ನು ಹಿರಿಯರು ಆದರಿಸುವರೋ ಅದನ್ನೇ ಕಿರಿಯರು ಅನುಕರಿಸುವರು. ನೇಕಾರನನ್ನು ವರ್ಷಕ್ಕೊಮ್ಮೆ ಗುರುಪೀಠದಲ್ಲಿ ಕುಳ್ಳಿರಿಸಿ, ಅಧ್ಯಾಪಕರೇ ಅವನ ಮುಂದೆ ವಿದ್ಯಾರ್ಥಿಗಳಾಗಿ ಕುಳಿತು ಒಂದೆಳೆ ಹೊಸೆಯಲು ಕಲಿತರೆ, ಆ ದೃಶ್ಯವು ಕಾಯಕದ ಮೇಲಿನ ಹತ್ತು ಉಪನ್ಯಾಸಗಳಿಗಿಂತ ಮಿಗಿಲಾದೀತು.

ಅನುಕರಣದ ಅಪಾಯ

ಅನುಕರಣಕ್ಕೆ ಇನ್ನೊಂದು ಮುಖವಿದೆ. 2005ರಲ್ಲಿ ಹಾರ್ನರ್ ಮತ್ತು ವೈಟನ್ ಎಂಬವರು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ಒಂದು ಪೆಟ್ಟಿಗೆಯಿಂದ ತಿನಿಸು ಮೊದಲಾದ ಬಹುಮಾನವನ್ನು ತೆಗೆಯುವ ಬಗೆಯನ್ನು ತೋರಿಸಿದರು. ತೋರಿಸುವಾಗ ಕೋಲಿನಿಂದ ಪೆಟ್ಟಿಗೆಯ ಮೇಲ್ಭಾಗವನ್ನು ತಿವಿಯುವುದೇ ಮೊದಲಾದ ನಿಷ್ಪ್ರಯೋಜಕ ಕ್ರಿಯೆಗಳನ್ನೂ ಸೇರಿಸಿದ್ದರು. ಒಳಗಿನದು ಕಾಣುವ ಪಾರದರ್ಶಕ ಪೆಟ್ಟಿಗೆಯನ್ನು ಕೊಟ್ಟಾಗ ಚಿಂಪಾಂಜಿಗಳು ಆ ನಿಷ್ಪ್ರಯೋಜಕ ಕ್ರಿಯೆಗಳನ್ನು ಬಿಟ್ಟು ನೇರವಾಗಿ ಬಹುಮಾನವನ್ನು ತೆಗೆದುಕೊಂಡುವು. ಮಕ್ಕಳು ಮಾತ್ರ ಅದರಿಂದ ಉಪಯೋಗವಿಲ್ಲವೆಂದು ಕಣ್ಣಿಗೆ ಕಾಣುತ್ತಿದ್ದರೂ ಹಿರಿಯರು ಮಾಡಿದುದನ್ನೆಲ್ಲ ಮಾಡಿದರು. ಇದಕ್ಕೆ ‘ಅತ್ಯನುಕರಣ’ವೆನ್ನಬಹುದು. ಇದನ್ನು ಮೌಢ್ಯವೆಂದು ಹಳಿಯಬೇಕಾಗಿಲ್ಲ. ಹಿರಿಯರು ಮಾಡುವುದಕ್ಕೆ ಏನೋ ಕಾರಣವಿರಬೇಕೆಂಬ ಈ ವಿಶ್ವಾಸದಿಂದಲೇ ಭಾಷೆ, ಸಂಗೀತ, ಪಾಕ, ನೇಯ್ಗೆಗಳು ಪೀಳಿಗೆಯಿಂದ ಪೀಳಿಗೆಗೆ ಉಳಿದು ಬಂದಿವೆ. ಆದರೆ ಅರ್ಥ ಕಳೆದ ಆಚಾರಗಳೂ ಇದೇ ದಾರಿಯಿಂದಲೇ ಉಳಿದು ಬಂದಿವೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಇದನ್ನು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ; ಮಕ್ಕಳು ಪ್ರಶ್ನಪತ್ರಿಕೆಗೆ ಉತ್ತರವಾಗಿ ಬರೆಯುತ್ತಾರೆ. ಆದರೆ ಸಂಜೆ ಮನೆಗೆ ಹೋದ ಹುಡುಗಿ ಏನನ್ನು ನೋಡುತ್ತಾಳೆ? ತಿಂಗಳಲ್ಲಿ ಮೂರು ದಿನ ತಾಯಿ ಅಡಿಗೆಮನೆಯ ಹೊಸ್ತಿಲನ್ನು ದಾಟದಿರುವುದನ್ನು ನೋಡುತ್ತಾಳೆ. ಕೂಲಿಗೆ ಬಂದವರಿಗೆ ಬೇರೆ ಲೋಟ ಇಟ್ಟಿರುವುದನ್ನು ನೋಡುತ್ತಾಳೆ. ನಮ್ಮ ತಾಲ್ಲೂಕುಗಳ ಹಟ್ಟಿಗಳಲ್ಲಿ ಬಾಣಂತಿಯರನ್ನೂ ಮುಟ್ಟಾದವರನ್ನೂ ಊರ ಹೊರಗಿಡುವ ಪದ್ಧತಿಯ ಬಗೆಗೆ ಮರುಗುವ ನಾವು, ಪಂಚಸೂತಕವನ್ನು ಅಲ್ಲಗಳೆದ ಪರಂಪರೆಯ ನಮ್ಮ ಮನೆಗಳಲ್ಲಿಯೇ ಅದರ ಸಣ್ಣ ಪ್ರತಿಯೊಂದು ನಡೆಯುತ್ತಿರುವುದನ್ನು ಕಾಣುವುದಿಲ್ಲ. ಯಾರೂ ‘ಹೀಗೆ ಮಾಡು’ ಎಂದು ಆ ಹುಡುಗಿಗೆ ಬೋಧಿಸಲಿಲ್ಲ. ನೆರೆಯವರನ್ನು ನೋಡಿ ತಾಯಿ ಕಲಿತಳು, ತಾಯಿಯನ್ನು ನೋಡಿ ಮಗಳು ಕಲಿತಳು. ಪಾಠದ ನುಡಿ ಒಂದು ದಿಕ್ಕಿಗೆ, ಮನೆಯ ನಡೆ ಇನ್ನೊಂದು ದಿಕ್ಕಿಗೆ ಎಳೆಯುವಾಗ ಮಗು ಯಾವುದರ ಹಿಂದೆ ಹೋಗುವುದೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಅಪಾಯವು ಹೊಸಕಾಲದ್ದು. ಮಗುವಿನ ಕಣ್ಣು ಹಿಂದೆ ಮನೆ, ಕೇರಿ, ಹೊಲ, ಜಾತ್ರೆಗಳ ಮೇಲೆ ಇತ್ತು. ಈಗ ಅಂಗೈಯಗಲದ ಮೊಬೈಲಿನ ಮೇಲೆ ನೆಟ್ಟಿದೆ. ಅದರಲ್ಲಿ ಕಾಣುವ ನಟನ ನಡಿಗೆ, ಕುಣಿತ, ಜಗಳ, ಸಾಹಸಗಳನ್ನು ಅದು ಅನುಕರಿಸುತ್ತದೆ. ಆದರೆ ಅಲ್ಲಿ ‘ನೋಡು, ಹಿಂಗಲ್ಲ, ಹಿಂಗೆ’ ಎಂದು ಕೈಹಿಡಿದು ತಿದ್ದುವ ಹಿರಿಯನಿಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಗಾದೆ ನಮಗೆಲ್ಲ ಗೊತ್ತು. ನರಿಯ ತಪ್ಪು ಅನುಕರಿಸಿದುದರಲ್ಲಿರಲಿಲ್ಲ. ಹುಲಿಯ ಹುಲಿತನವು ಅದರ ಪಟ್ಟೆಗಳಲ್ಲಿದೆಯೆಂದು ಭ್ರಮಿಸಿದುದರಲ್ಲಿತ್ತು.

ಅನುಕರಣದಿಂದ ಅನುಸರಣಕ್ಕೆ

ಆದುದರಿಂದ ಅನುಕರಣಕ್ಕೂ ಅನುಸರಣಕ್ಕೂ ಭೇದವನ್ನು ಕಲ್ಪಿಸಿಕೊಳ್ಳುವುದು ಯುಕ್ತ. ಹಿರಿಯರು ಮಾಡಿದ ಕ್ರಿಯೆಯನ್ನೇ ಮಾಡುವುದು ಅನುಕರಣ. ಹಿರಿಯರು ಹಿಡಿದ ದಾರಿಯ ಉದ್ದೇಶವನ್ನು ಅರಿತು, ತನ್ನ ಕಾಲದಲ್ಲಿ, ತನ್ನ ಕಾಲಿನಿಂದ ನಡೆಯುವುದು ಅನುಸರಣ. ಹೊದಿಕೆ ಹಿಡಿದ ಹೆಂಗಸನ್ನು ಕಂಡು ಕೈಯಿಂದಲೇ ದೀಪವನ್ನು ಒತ್ತಿದ ಮಗುವು ಮಾಡಿದುದು ಎರಡನೆಯದನ್ನು. ಒಂದರಿಂದ ಇನ್ನೊಂದಕ್ಕೆ ಮಗುವನ್ನು ದಾಟಿಸುವುದೇ ಶಾಲೆಯ ಕಾರ್ಯ. ಅದಕ್ಕೆ ‘ಹೀಗೇಕೆ?’ ಎಂಬ ಮಗುವಿನ ಪ್ರಶ್ನೆಯನ್ನು ಉದ್ಧಟತನವೆಂದು ತಿಳಿಯದೆ ಆದರಿಸುವ ಅಧ್ಯಾಪಕನು ಬೇಕು.

ಇಂತಹ ಗುರುಶಿಷ್ಯಸಂಬಂಧಕ್ಕೆ ನಮ್ಮ ಸೀಮೆಯೇ ಉಜ್ಜ್ವಲವಾದ ನಿದರ್ಶನವನ್ನು ಕೊಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಅವರು 1939ರಲ್ಲಿ ಕಾಲವಾದರು. ಅವರ ಶಿಷ್ಯರಾದ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು. ಶಿಷ್ಯನು ಗುರುವಿನ ಬರಹವನ್ನು ಅನುಕರಿಸಿ ಮಹಾಕವಿಯಾದುದಲ್ಲ. ಗುರುವಿನ ವಿದ್ವತ್ತು, ಸೌಜನ್ಯ, ಜೀವನನಿಷ್ಠೆಗಳನ್ನು ಕಣ್ಣಾರೆ ಕಂಡು, ತನ್ನದೇ ಆದ ದಾರಿಯಲ್ಲಿ ನಡೆದುದು.

ಇನ್ನೂ ಹಿಂದಕ್ಕೆ ಹೋದರೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸರು ಇವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ, ಶಿಷ್ಯನು ಗುರುವಿಗೆ ತೋರಬೇಕಾದ ಗೌರವ ಮುಂತಾದುವನ್ನು ಈ ಶಾಸನಗಳು ಬೋಧಿಸುತ್ತವೆ. ಆದರೆ ಬೋಧೆಗೆ ಮೊದಲು ಚಕ್ರವರ್ತಿಯು ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ: ತಾನು ಉಪಾಸಕನಾದರೂ ಮೊದಲ ಒಂದು ವರ್ಷ ಹೆಚ್ಚಿನ ಶ್ರಮವಹಿಸಲಿಲ್ಲವೆಂದೂ, ಆಮೇಲೆ ಶ್ರಮಿಸಿದೆನೆಂದೂ, ಇದರ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರಕುವುದೆಂದೂ ಸಾರುತ್ತಾನೆ. ‘ನಾನು ಮಾಡಿದೆ, ನೀವೂ ಮಾಡಬಲ್ಲಿರಿ’ ಎಂಬುದು ಇದರ ಧ್ವನಿ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರೂ ಇದೆ. ಬ್ರಾಹ್ಮೀ ಲಿಪಿಯಲ್ಲಿ ಒಪ್ಪಿಸಿದ ಪಾಠವನ್ನೆಲ್ಲ ಬರೆದು, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದನು. ಪ್ರತಿಮಾಡುವವನ ಕೈಯಲ್ಲಿಯೂ ಅವನದೇ ಆದ ಒಂದು ಗುರುತು ಉಳಿಯುತ್ತದೆ, ಉಳಿಯಬೇಕು.

ಉಪಸಂಹಾರ

ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಮೂರು ವರ್ಗದವರಿದ್ದಾರೆ. ಅಧ್ಯಾಪಕ ಬಂಧುಗಳು ತಾವು ತರಗತಿಯನ್ನು ಹೇಗೆ ಪ್ರವೇಶಿಸುವೆವು, ತಪ್ಪಿದ ಹುಡುಗನೊಡನೆ ಯಾವ ದನಿಯಲ್ಲಿ ಮಾತನಾಡುವೆವು, ಜವಾನನನ್ನು ಏನೆಂದು ಕರೆಯುವೆವು ಎಂಬುದೆಲ್ಲವೂ ಪಾಠವೆಂಬುದನ್ನು ಮರೆಯಬಾರದು. ಕೋಪದಲ್ಲಿ ಎತ್ತಿದ ಕೈಯನ್ನು ಐವತ್ತು ಜೊತೆ ಕಣ್ಣುಗಳು ನೋಡುತ್ತವೆ. ಅವು ಅಂದು ಏನನ್ನೂ ಮಾಡದಿರಬಹುದು, ಆದರೆ ಕಲಿತಿರುತ್ತವೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಮಕ್ಕಳು ಅವರ ಭಾಷಣವನ್ನಲ್ಲ, ಅವರು ತಮ್ಮ ಹಳೆಯ ಗುರುಗಳನ್ನು ಹೇಗೆ ಕಂಡರೆಂಬುದನ್ನು ನೆನಪಿಟ್ಟುಕೊಳ್ಳುತ್ತಾರೆ. ದಾನಿಗಳ ಹೆಸರನ್ನು ಕೆತ್ತಿದ ಕಲ್ಲನ್ನು ಮಕ್ಕಳು ಓದುವರೋ ಇಲ್ಲವೋ ಕಾಣೆ. ಆದರೆ ಆ ದಾನಿಯು ಪ್ರಸಾದನಿಲಯದ ಪಂಕ್ತಿಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕುಳಿತು ಉಂಡುದನ್ನು, ಸೌಟು ಹಿಡಿದು ಬಡಿಸಿದುದನ್ನು ಅವರು ಮರೆಯಲಾರರು. ದಾಸೋಹದ ತತ್ತ್ವವು ಅಲ್ಲಿ ಕಣ್ಣಿನಿಂದ ಕೈಗೆ ಇಳಿಯುತ್ತದೆ.

ನಡೆ ನುಡಿಗಳು ಒಂದಾಗಬೇಕೆಂದು ಶರಣರು ಹೇಳಿದುದನ್ನು ನಾವು ನೀತಿಯ ಮಾತೆಂದು ಮಾತ್ರ ತಿಳಿದಿದ್ದೇವೆ. ಅದು ಶಿಕ್ಷಣಶಾಸ್ತ್ರದ ಮಾತೂ ಹೌದೆಂದು ಮನಶ್ಶಾಸ್ತ್ರವು ಈಗ ಸಾಕ್ಷಿ ಹೇಳುತ್ತಿದೆ. ನಮ್ಮ ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ. ಅವರು ನೋಡಲೆಂದು ನಟಿಸಬೇಕಾಗಿಲ್ಲ. ನಟನೆಯನ್ನೂ ಅವರು ಬೇಗ ಕಲಿತುಬಿಡುತ್ತಾರೆ. ಅವರು ನೋಡಿದರೆ ನಾಚಬೇಕಾಗದಂತಹ ಆಚರಣೆಯನ್ನು ರೂಢಿಸಿಕೊಳ್ಳುವ ಶಕ್ತಿಯನ್ನು ಗುರುಲಿಂಗಜಂಗಮರು ನಮಗೆಲ್ಲರಿಗೂ ಕರುಣಿಸಲಿ.